ಮೊದಲು ಲೆಕ್ಕ, ಆಮೇಲೆ ವೈನ್

ಪ್ರತಿವರ್ಷ ಫೆಬ್ರುವರಿ ಹತ್ತಿರವಾಗುತ್ತಿದ್ದಂತೆ ನಮ್ಮ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದ್ರಾಕ್ಷಿತೋಟಕ್ಕೆ ಹೋಗುವ ಮಾತು ಏಳುತ್ತದೆ. ಯಾರೋ ನಂದಿಬೆಟ್ಟದ ತಪ್ಪಲಿನ ವೈನರಿಯ ಚಿತ್ರವೊಂದನ್ನು ಹಾಕುತ್ತಾರೆ, ಇನ್ನೊಬ್ಬರು ಶನಿವಾರವೋ ಭಾನುವಾರವೋ ಎಂದು ಕೇಳುತ್ತಾರೆ, ಮತ್ತೊಬ್ಬರು ಗಾಡಿ ಗೊತ್ತುಮಾಡುವ ಹೊಣೆ ಹೊರುತ್ತಾರೆ. ಇಷ್ಟೆಲ್ಲ ಆಗುವ ಹೊತ್ತಿಗೆ ಒಬ್ಬಿಬ್ಬರು ಮಾತು ನಿಲ್ಲಿಸಿಬಿಟ್ಟಿರುತ್ತಾರೆ. ಹೊರಡುವ ಹಿಂದಿನ ಸಂಜೆ ಅವರಿಂದ ಸಂದೇಶ ಬರುತ್ತದೆ: ಮನೆಗೆ ನೆಂಟರು ಬರುತ್ತಿದ್ದಾರೆ, ಮಗುವಿಗೆ ಮೈ ಬಿಸಿ, ನೀವು ಹೋಗಿ ಬನ್ನಿ. ಲಾಲ್‌ಬಾಗಿನಲ್ಲಿ ಎರಡು ಸುತ್ತು ನಡೆದು ದೋಸೆ ತಿಂದು ಬರುವ ಭಾನುವಾರಗಳಲ್ಲಿ ಇದೇ ಗೆಳೆಯರು ಎಲ್ಲರಿಗಿಂತ ಮೊದಲು ಗೇಟಿನ ಬಳಿ ಬಂದು ನಿಂತಿರುತ್ತಾರೆ. ಅವರಿಗೆ ನಮ್ಮ ಜೊತೆ ಬೇಡವಾಗಿಲ್ಲ, ವೈನ್ ಬಗ್ಗೆ ಕುತೂಹಲವಿಲ್ಲವೆಂದೂ ಅಲ್ಲ. ತಲೆಗೆ ಎಷ್ಟು ಬೀಳುತ್ತದೆ ಎಂದು ಯಾರೂ ಹೇಳಿರುವುದಿಲ್ಲ, ಕೇಳಲು ಅವರಿಗೆ ಬಾಯಿ ಬಂದಿರುವುದಿಲ್ಲ.

ಈ ಕುರಿತು ನಾನು ಯೋಚಿಸತೊಡಗಿದ್ದು ಒಂದು ಊಟದ ಮೇಜಿನಿಂದ. ನಗರದಾಚೆಯ ತೋಟವೊಂದರ ಹೋಟೆಲಿನಲ್ಲಿ ನಾವೆಲ್ಲ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದೆವು. ಮೆನು ಕೈಯಿಂದ ಕೈಗೆ ಹೋಗುತ್ತಿತ್ತು. ನನ್ನ ಎದುರಿಗಿದ್ದ ಗೆಳೆಯನ ಕಣ್ಣು ತಿನಿಸುಗಳ ಹೆಸರಿನ ಮೇಲೆ ನಿಲ್ಲದೆ ಬಲಬದಿಯ ಬೆಲೆಯ ಸಾಲಿನಲ್ಲಿ ಮೇಲಿನಿಂದ ಕೆಳಗೆ ಒಮ್ಮೆ ಇಳಿಯಿತು. ಅವನು ಪುಸ್ತಕವನ್ನು ಮಡಚಿ ಪಕ್ಕದವರಿಗೆ ದಾಟಿಸಿ, ಬೆಳಿಗ್ಗೆ ತಿಂಡಿ ಜೋರಾಗಿತ್ತೆಂದು ಹೇಳಿ ಒಂದು ಲೈಮ್ ಸೋಡಾ ತರಿಸಿಕೊಂಡ. ಕೊನೆಗೆ ಬಿಲ್ಲು ಬಂದಾಗ ಯಾರೋ ಮೊಬೈಲಿನಲ್ಲಿ ಭಾಗಾಕಾರ ಮಾಡಿ ತಲೆಗೆ ಇಷ್ಟೆಂದರು, ಅವನೂ ಎಲ್ಲರಷ್ಟೇ ಹಣವನ್ನು ಮರುಮಾತಿಲ್ಲದೆ ಫೋನಿನಿಂದ ಕಳಿಸಿದ. ಮೇಜಿನ ಮೇಲೆ ಅವನ ಸೋಡಾದ ಲೋಟ ಅರ್ಧ ತುಂಬಿದ್ದಂತೆಯೇ ಉಳಿದಿತ್ತು.

ವೈನ್ ರುಚಿ ನೋಡುವ ದಿನವೊಂದನ್ನು ಅಗ್ಗವಾಗಿ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಕೂಪನ್ನು, ರಿಯಾಯಿತಿ, ವಾರದ ದಿನದ ದರ ಎಂದೆಲ್ಲ ಉತ್ತರ ಹೇಳಬಹುದು, ಅವೆಲ್ಲವೂ ಕೆಲಸಕ್ಕೆ ಬರುತ್ತವೆ. ಆದರೆ ಅಗ್ಗ ಎಂಬುದು ಯಾರ ಜೇಬಿನ ಅಳತೆಯಲ್ಲಿ ಎಂಬುದು ಅದಕ್ಕಿಂತ ಮೊದಲು ತೀರ್ಮಾನವಾಗಬೇಕು. ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಖರ್ಚು ಮಾಡಬಲ್ಲವರು ಯಾರೋ, ದಿನದ ಲೆಕ್ಕ ಅವರಿಂದ ಆರಂಭವಾಗಬೇಕು ಎಂದು ನಾನು ನಂಬುತ್ತೇನೆ. ಹಾಗೆಂದು ಅವರನ್ನು ಎಲ್ಲರೆದುರು ನಿಲ್ಲಿಸಿ ಕೇಳುವುದು ಕ್ರೌರ್ಯ. ನಮ್ಮಲ್ಲಿ ಈಗ ನಡೆದುಬಂದಿರುವ ಪದ್ಧತಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳು ಸೂಚಿಸಿದ್ದು. ಪ್ರತಿಯೊಬ್ಬರೂ ತಾವು ಆ ದಿನಕ್ಕೆ ನೆಮ್ಮದಿಯಿಂದ ಕೊಡಬಲ್ಲ ಗರಿಷ್ಠ ಮೊತ್ತವನ್ನು ಅವಳಿಗೊಬ್ಬಳಿಗೇ ಬರೆದು ಕಳಿಸಬೇಕು. ಬಂದ ಮೊತ್ತಗಳಲ್ಲಿ ಎಲ್ಲಕ್ಕಿಂತ ಕಡಿಮೆಯದನ್ನು ಅವಳು ಗುಂಪಿಗೆ ಹೇಳುತ್ತಾಳೆ, ಅದು ಯಾರದೆಂದು ಹೇಳುವುದಿಲ್ಲ. ಜಾಗ, ಗಾಡಿ, ಊಟ ಎಲ್ಲವೂ ಆ ಮೊತ್ತದೊಳಗೆ ಕೂರಬೇಕು. ಹೆಚ್ಚು ಇರುವವರು ತಮ್ಮ ಹೆಚ್ಚಿನದನ್ನು ಬೇರೊಂದು ದಿನಕ್ಕೆ ಇಟ್ಟುಕೊಳ್ಳಲಿ.

ದುಡ್ಡು ಎಲ್ಲಿ ಹೋಗುತ್ತದೆ

ಇಂಥ ದಿನದ ಖರ್ಚನ್ನು ಬಿಡಿಸಿ ನೋಡಿದರೆ ಅದರಲ್ಲಿ ವೈನಿನ ಪಾಲು ಅಚ್ಚರಿಯಾಗುವಷ್ಟು ಚಿಕ್ಕದು. ರುಚಿ ನೋಡಲು ಒಂದು ಬಗೆಗೆ ಸಾಮಾನ್ಯವಾಗಿ 30 ಮಿಲಿಲೀಟರಿನ ಆಸುಪಾಸು ಸುರಿಯುತ್ತಾರೆ. 750 ಮಿಲಿಲೀಟರಿನ ಒಂದು ಬಾಟಲಿಯಲ್ಲಿ ಅಂಥ 25 ಗುಟುಕುಗಳಿವೆ. ಐದು ಬಗೆ ರುಚಿ ನೋಡಿದವರು ಕುಡಿದದ್ದು 150 ಮಿಲಿಲೀಟರು, ಅಂದರೆ ಬಾಟಲಿಯ ಐದನೆಯ ಒಂದು ಭಾಗ. ವೈನರಿಯವರು ಪಡೆಯುವ ಶುಲ್ಕದ ಬಹುಪಾಲು ತೋಟ ಸುತ್ತಿಸಿ, ಯಂತ್ರಶಾಲೆ ತೋರಿಸಿ, ವಿವರಿಸುವವರ ಸಮಯಕ್ಕೆ ಸಲ್ಲುತ್ತದೆ, ಮತ್ತು ನನ್ನ ಮಟ್ಟಿಗೆ ಆ ದುಡ್ಡು ಸಾರ್ಥಕ. ವಾರಾಂತ್ಯಕ್ಕೂ ವಾರದ ನಡುವಿಗೂ ಬೇರೆ ಬೇರೆ ದರ ಇಟ್ಟಿರುವವರಿದ್ದಾರೆ, ದರವೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆದ್ದರಿಂದ ಹೊರಡುವ ಮುನ್ನ ಫೋನ್ ಮಾಡಿ ಆ ದಿನದ ದರ, ತೆರಿಗೆ ಸೇರಿದೆಯೋ ಇಲ್ಲವೋ, ಕುಡಿಯದವರಿಗೆ ಬರೀ ತೋಟ ನೋಡಲು ಎಷ್ಟು ಎಂಬುದನ್ನು ಕೇಳಿಕೊಳ್ಳಬೇಕು. ಗಾಂಧಿ ಜಯಂತಿ, ಚುನಾವಣೆಯಂಥ ಮದ್ಯ ಮಾರಾಟ ನಿಷೇಧದ ದಿನಗಳನ್ನು ಕ್ಯಾಲೆಂಡರಿನಲ್ಲಿ ನೋಡಿಕೊಳ್ಳುವುದೂ ಅಗತ್ಯ.

ಜೇಬನ್ನು ನಿಜವಾಗಿ ಹಗುರ ಮಾಡುವುದು ಗಾಡಿ. ಬೆಂಗಳೂರಿನಲ್ಲಿ ಕಾರೋ ಟೆಂಪೊ ಟ್ರಾವೆಲರೋ ಬಾಡಿಗೆಗೆ ಹಿಡಿದವರಿಗೆಲ್ಲ ಗೊತ್ತಿರುವಂತೆ, ಔಟ್‌ಸ್ಟೇಷನ್ ಎಂದ ಕೂಡಲೇ ದಿನಕ್ಕೆ ಕನಿಷ್ಠ 250 ಅಥವಾ 300 ಕಿಲೋಮೀಟರಿನ ಲೆಕ್ಕ ಹಿಡಿಯುತ್ತಾರೆ, ಚಾಲಕರ ಭತ್ಯೆ ಬೇರೆ. ನಂದಿ ತಪ್ಪಲಿಗೆ ಹೋಗಿಬರುವುದು ಅದರ ಅರ್ಧವೂ ಆಗುವುದಿಲ್ಲ, ಓಡದ ದಾರಿಗೂ ದುಡ್ಡು ತೆರಬೇಕಾಗುತ್ತದೆ. ಅದೇ ಗಾಡಿಯನ್ನು 8 ಗಂಟೆ, 80 ಕಿಲೋಮೀಟರಿನ ಸ್ಥಳೀಯ ಬಾಡಿಗೆಗೆ ಕೇಳಿ, ಹೆಚ್ಚಾದ ದೂರಕ್ಕೆ ಕಿಲೋಮೀಟರ್ ಲೆಕ್ಕದಲ್ಲಿ ಕೊಡುತ್ತೇವೆಂದರೆ ಒಪ್ಪುವವರು ಸಿಗುತ್ತಾರೆ, ಮೊತ್ತದಲ್ಲಿ ಆಗುವ ವ್ಯತ್ಯಾಸ ಚಿಕ್ಕದಲ್ಲ. ಎರಡನೆಯ ಖರ್ಚು ವೈನರಿಯೊಳಗಿನ ಊಟ. ಮೂರನೆಯದು ರುಚಿ ನೋಡಿ ಹೊರಬರುವಾಗ ಎದುರಾಗುವ ಮಾರಾಟದ ಕೌಂಟರು. ಅಲ್ಲಿ ಒಬ್ಬರು ಎರಡು ಬಾಟಲಿ ಎತ್ತಿಕೊಂಡರೆ ಉಳಿದವರಿಗೂ ಬರಿಗೈಯಲ್ಲಿ ಹೋಗಲು ಸಂಕೋಚವಾಗುತ್ತದೆ. ಬಾಟಲಿ ಕೊಳ್ಳುವುದು ಸಾಮೂಹಿಕ ಲೆಕ್ಕಕ್ಕೆ ಸೇರಿದ್ದಲ್ಲವೆಂದು ಹೊರಡುವ ಮುನ್ನವೇ ಹೇಳಿಕೊಂಡರೆ ಆ ಸಂಕೋಚ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಸಮಪಾಲು ಎಂಬುದರ ಬಗೆಗೂ ಒಂದು ಮಾತು ಹೇಳಬೇಕು. ನಮ್ಮಲ್ಲಿ ಒಬ್ಬಳು ವೈನ್ ಮುಟ್ಟುವುದಿಲ್ಲ, ಆದರೆ ತೋಟ ನೋಡಲು ಎಲ್ಲರಿಗಿಂತ ಮುಂದೆ ಇರುತ್ತಾಳೆ. ಅವಳಿಂದ ರುಚಿಯ ಶುಲ್ಕ ವಸೂಲಿ ಮಾಡುವುದು ಅನ್ಯಾಯ. ಕುಡಿಯದೆ ಕಾರು ನಡೆಸಲು ಒಪ್ಪಿಕೊಂಡವರಿಂದ ಪೆಟ್ರೋಲಿನ ಪಾಲು ಕೇಳುವುದು ಅದಕ್ಕಿಂತ ದೊಡ್ಡ ಅನ್ಯಾಯ. ಇವನ್ನೆಲ್ಲ ಮೊದಲೇ ಮಾತಾಡಿಕೊಂಡರೆ ಗೆಳೆತನ ವ್ಯಾಪಾರವಾಗಿಬಿಡುತ್ತದೆ ಎಂದು ಆಕ್ಷೇಪಿಸುವವರನ್ನು ಬಲ್ಲೆ. ಮಾತಾಡದೆ ಉಳಿದಾಗ ಏನಾಗುತ್ತದೆ ಎಂಬುದನ್ನು ಆ ಸೋಡಾದ ಲೋಟದೆದುರು ಕುಳಿತು ನೋಡಿದ್ದೇನೆ, ಹಾಗಾಗಿ ಆ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ.

ನಂದಿಯ ತಪ್ಪಲಿನಲ್ಲಿ

ಹೀಗೆ ಮೊತ್ತ ಗೊತ್ತುಮಾಡಿಕೊಂಡು ಹೋದ ಮೊದಲ ದಿನವೇ ನಮ್ಮೊಂದಿಗೆ ದೇವನಹಳ್ಳಿ ಕಡೆಯ ಗೆಳೆಯನೊಬ್ಬ ಬಂದಿದ್ದ. ಹಿಂದಿನ ಯಾವ ಸಲವೂ ಅವನು ಬಂದಿರಲಿಲ್ಲ. ಅವನ ಮನೆಯವರು ತಲೆಮಾರಿನಿಂದ ಬೆಂಗಳೂರು ನೀಲಿ ದ್ರಾಕ್ಷಿ ಬೆಳೆದವರು. 2013ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ, ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಸೀಮೆಯಲ್ಲಿ ನೂರು ವರ್ಷಕ್ಕೂ ಮಿಕ್ಕಿ ಬೆಳೆಯುತ್ತಿರುವ ತಳಿ ಅದು. ನಾವು ಹೋದದ್ದು ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ರಸ್ತೆಯಲ್ಲಿ ರಘುನಾಥಪುರದ ಬಳಿ ಇರುವ ಗ್ರೋವರ್ ಜಂಪಾ ವೈನರಿಗೆ. 1988ರಲ್ಲಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ನೆರವಿನಿಂದ ಸ್ಥಾಪಿಸಿದ ಸಂಸ್ಥೆ ಅದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಹಗಲಿನ ಬಿಸಿಲು ಎಷ್ಟೇ ಇದ್ದರೂ ರಾತ್ರಿ ತಂಪಾಗುತ್ತದೆ, ಹಣ್ಣಿನ ಹುಳಿ ಪೂರ್ತಿ ಕಳೆದುಹೋಗದಂತೆ ಆ ತಂಪು ಕಾಯುತ್ತದೆ.

ತೋಟಕ್ಕೆ ಕಾಲಿಟ್ಟ ಕೂಡಲೇ ನಾವು ಚಿತ್ರ ತೆಗೆಯತೊಡಗಿದೆವು, ಅವನು ಬಳ್ಳಿಯ ಬುಡ ನೋಡತೊಡಗಿದ. ಅವನ ಮನೆಯವರ ತೋಟದಲ್ಲಿ ಕಲ್ಲುಕಂಬ ನೆಟ್ಟು, ಮೇಲೆ ತಂತಿ ಹೆಣೆದು ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುತ್ತಾರೆ, ಗೊಂಚಲುಗಳು ತಲೆಯ ಮೇಲೆ ತೂಗುತ್ತವೆ. ಇಲ್ಲಿ ಬಳ್ಳಿಗಳು ಬೇಲಿಯಂತೆ ಸಾಲಾಗಿ ನಿಂತಿದ್ದವು, ಗೊಂಚಲು ಮೊಣಕಾಲಿನ ಎತ್ತರದಲ್ಲಿತ್ತು. ಚಾಟನಿ, ಅಂದರೆ ಬಳ್ಳಿ ಸವರುವುದು, ಯಾವಾಗ ಎಂದು ಅವನು ವಿವರಿಸುವ ಹುಡುಗನನ್ನು ಕೇಳಿದ. ಏಪ್ರಿಲಿನಲ್ಲಿ ಒಮ್ಮೆ, ಮಳೆ ಹಿಂದೆಸರಿಯುವಾಗ ಸೆಪ್ಟೆಂಬರು-ಅಕ್ಟೋಬರಿನಲ್ಲಿ ಇನ್ನೊಮ್ಮೆ, ಎರಡನೆಯದರ ಫಸಲೇ ಈಗ ಬಿಡಿಸುತ್ತಿರುವುದು ಎಂದು ಹುಡುಗ ಹೇಳಿದ. ಬಳ್ಳಿಗೆ ಎಷ್ಟು ಗೊಂಚಲು ಬಿಡುತ್ತೀರಿ ಎಂದು ಇವನು ಮುಂದುವರಿಸಿದ. ರುಚಿ ಗಟ್ಟಿಯಾಗಲೆಂದು ಬೇಕೆಂದೇ ಕಡಿಮೆ ಬಿಡುತ್ತೇವೆ ಎಂಬ ಉತ್ತರ ಕೇಳಿ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ತೂಕದ ಮೇಲೆ ಬೆಲೆ ಕಟ್ಟುವ ಮಾರುಕಟ್ಟೆಗೆ ಹಣ್ಣು ಸಾಗಿಸಿದ ಮನೆಯವನಿಗೆ ಕಾಯಿಯನ್ನು ತಾವಾಗಿ ಉದುರಿಸುವ ಬೇಸಾಯ ಎಷ್ಟು ಬೇರೆಯೆಂದು ನಮಗೆ ಆಗ ಹೊಳೆಯಿತು.

ಹುಡುಗ ಒಂದು ಗೊಂಚಲಿನಿಂದ ನಾಲ್ಕಾರು ಹಣ್ಣು ಬಿಡಿಸಿ ಎಲ್ಲರ ಕೈಗೂ ಇಟ್ಟ. ಕೆಂಪು ವೈನಿಗೆ ಬಳಸುವ ಶಿರಾಜ್ ತಳಿಯ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಬೀಜ ಹೆಚ್ಚು. ಗೆಳೆಯ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದ. ಬೆಂಗಳೂರು ನೀಲಿಯಾದರೆ ಹೀಗೆ ಒತ್ತಿದಾಗ ತಿರುಳಿನ ಗುಂಡು ಇಡಿಯಾಗಿ ಜಾರಿ ಬಾಯಿಗೆ ಬೀಳುತ್ತದೆ, ಸಿಪ್ಪೆ ಮಾತ್ರ ಬೆರಳಲ್ಲಿ ಉಳಿಯುತ್ತದೆ. ಇದು ಜಾರಲಿಲ್ಲ, ಸಿಪ್ಪೆ ತಿರುಳಿಗೆ ಅಂಟಿಕೊಂಡೇ ಒಡೆದು ಬೆರಳಿಗೆ ಕಡುಗೆಂಪು ಹತ್ತಿತು. ಅವನು ಹಣ್ಣನ್ನು ಬಾಯಿಗೆ ಹಾಕಿಕೊಂಡು ಬೀಜವನ್ನು ಅಂಗೈಗೆ ಉಗಿದು ಬಿಸಿಲಿಗೆ ಹಿಡಿದ, ಕಂದುಬಣ್ಣಕ್ಕೆ ತಿರುಗಿತ್ತು. ಕಚ್ಚಿದಾಗ ಗರಿಗರಿಯಾಗಿ ಮುರಿಯಿತು. “ಇದು ಬಲಿತಿದೆ ಕಣ್ರೋ, ಬೀಜ ಹಸಿರಿದ್ದರೆ ಹಣ್ಣು ಎಷ್ಟು ಸಿಹಿಯಿದ್ದರೂ ಬಲಿತಿಲ್ಲ ಅಂತ ಅರ್ಥ” ಎಂದ. ವೈನರಿಯ ಹುಡುಗನ ಮುಖ ಅರಳಿತು. ನಾವೂ ಇದನ್ನೇ ನೋಡುವುದು ಸಾರ್ ಎಂದು ಹೇಳಿ, ಅಲ್ಲಿಂದ ಮುಂದೆ ಬರೀ ನಮ್ಮ ಗೆಳೆಯನ ಕಡೆಗೇ ತಿರುಗಿ ವಿವರಿಸತೊಡಗಿದ. ತಣ್ಣಗಿರಿಸಲು ಹೊರಕವಚವಿರುವ ಉಕ್ಕಿನ ತೊಟ್ಟಿಗಳು, ಬಿಳಿ ವೈನಿಗೆ ಸಿಪ್ಪೆ ಬೇರ್ಪಡಿಸಿ ರಸವನ್ನು ಮಾತ್ರ ಹುಳಿಸುವುದು, ಕೆಂಪಿಗೆ ಸಿಪ್ಪೆಯ ಸಮೇತ ಹುಳಿಸುವುದು, 225 ಲೀಟರು ಹಿಡಿಯುವ ಓಕ್ ಮರದ ಪೀಪಾಯಿಗಳು, ಎಲ್ಲವೂ ಇಬ್ಬರು ಬೇಸಾಯಗಾರರ ಸಂಭಾಷಣೆಯ ನಡುವೆ ನಮಗೆ ಕೇಳಿಸಿದವು.

ರುಚಿಯ ಮೇಜಿನ ಬಳಿಯೂ ಹಾಗೆಯೇ ಆಯಿತು. ನಮ್ಮಲ್ಲಿ ಕೆಲವರು ಎಲ್ಲೋ ಓದಿದ ಪದಗಳನ್ನು ಹೇಳುತ್ತಿದ್ದೆವು. ಅವನು ಸೋವಿನ್ಯಾನ್ ಬ್ಲಾಂಕ್ ಎಂಬ ಬಿಳಿ ವೈನ್ ಇದ್ದ ಗ್ಲಾಸನ್ನು ಮೂಗಿನ ಬಳಿಗೆ ತಂದು, ಸೀಬೆಕಾಯಿ ಎಂದ, ಎರಡನೆಯ ಸಲ ಮೂಸಿ ಕೊಯ್ದ ಹುಲ್ಲು ಎಂದ. ಶಿರಾಜಿನಲ್ಲಿ ಕರಿಮೆಣಸು, ಕ್ಯಾಬರ್ನೆ ಎಂಬ ಇನ್ನೊಂದು ಕೆಂಪು ವೈನಿನಲ್ಲಿ ಒಗರು ಎಂದ. ಒಗರು ಎಲ್ಲಿಂದ ಬಂತು ಎಂಬುದನ್ನು ಅವನೇ ವಿವರಿಸಿದ, ಸಿಪ್ಪೆ ಮತ್ತು ಬೀಜವನ್ನು ತೋಟದಲ್ಲಿ ಅಗಿದು ನೋಡಿದ್ದನಲ್ಲ. ತಿಳಿಯದ ಹೆಸರುಗಳ ಮುಂದೆ ಅವನಿಗೆ ಅಳುಕಿರಲಿಲ್ಲ. ಅಂದು ವೈನ್ ರುಚಿ ನೋಡುವುದೆಂದರೆ ಏನೆಂದು ನಾನು ಕಲಿತದ್ದು ಅವನಿಂದ, ಮತ್ತು ಆ ಕಡಿಮೆ ಮೊತ್ತ ಮೊದಲೇ ಪ್ರಕಟವಾಗದಿದ್ದರೆ ಅವನ ಮನೆಗೂ ಆ ದಿನ ನೆಂಟರು ಬಂದಿರುತ್ತಿದ್ದರು.

ಹಿಂತಿರುಗುವ ದಾರಿ

ರುಚಿ ನೋಡುವುದರಲ್ಲಿ ಅಮಲೇನಿದೆ ಎಂದು ಕಾರಿನ ಕೀಲಿ ಕೈಗೆತ್ತಿಕೊಳ್ಳುವವರನ್ನು ಕಂಡಾಗ ನನಗೆ ಭಯವಾಗುತ್ತದೆ. ಕಾನೂನಿನ ಮಿತಿ 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲು. ಶೇಕಡ 13ರ ವೈನನ್ನು ಐದು ಗುಟುಕು ಕುಡಿದರೆ ದೇಹಕ್ಕೆ ಸೇರುವ ಆಲ್ಕೋಹಾಲು ಸುಮಾರು 15 ಗ್ರಾಂ, ಕಡಿಮೆ ಮೈತೂಕದವರಲ್ಲಿ, ಅದರಲ್ಲೂ ಬರಿ ಹೊಟ್ಟೆಯಲ್ಲಿ, ಆ ಮಿತಿ ದಾಟಲು ಅಷ್ಟು ಸಾಕು. ಮೊದಲ ಸಲ ಸಿಕ್ಕಿಬಿದ್ದರೆ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ದಂಡದ ಮಾತು ಹಾಗಿರಲಿ, ಆ ರಸ್ತೆಯಲ್ಲಿ ಹೂವು ತರಕಾರಿ ಹೇರಿಕೊಂಡು ಬರುವ ಬೈಕಿನವರ ಜೀವದ ಪ್ರಶ್ನೆ ಅದು. ಬಾಯಿಗೆ ಹಾಕಿಕೊಂಡ ವೈನನ್ನು ಉಗಿಯಲು ಮೇಜಿನ ಮೇಲೆ ಪಾತ್ರೆ ಇಟ್ಟಿರುತ್ತಾರೆ. ವೃತ್ತಿಯಲ್ಲಿರುವವರೆಲ್ಲ ಅದನ್ನು ಬಳಸುತ್ತಾರೆ, ನಾವು ನಾಚಬೇಕಾಗಿಲ್ಲ. ಹಾಗೆ ಉಗಿದವರೂ ಅಂದು ಗಾಡಿ ನಡೆಸದಿರುವುದು ಒಳ್ಳೆಯದು.

ಕಾರೇ ಬೇಡವೆಂದು ತೀರ್ಮಾನಿಸಿದರೆ ಭಯವೂ ಖರ್ಚೂ ಒಟ್ಟಿಗೆ ಇಳಿಯುತ್ತವೆ. ದೊಡ್ಡಬಳ್ಳಾಪುರಕ್ಕೆ ಬಸ್ಸುಗಳು ಧಾರಾಳವಾಗಿವೆ, ಅಲ್ಲಿಂದ ದೇವನಹಳ್ಳಿಯ ಬಸ್ಸು ಹಿಡಿದು ದಾರಿಯಲ್ಲಿ ಇಳಿಯಬಹುದು. ನನಗೆ ಹೆಚ್ಚು ಮೆಚ್ಚಿಕೆಯಾದದ್ದು ಚನ್ನಪಟ್ಟಣದ ದಾರಿ. ಅಲ್ಲಿ ಹಿಂದೆ ಹೆರಿಟೇಜ್ ಎಂಬ ಹೆಸರಿನಲ್ಲಿದ್ದ ವೈನರಿಯನ್ನು ನಾಸಿಕದ ಸುಲಾ ಸಂಸ್ಥೆ ಕೊಂಡು ಡೊಮೇನ್ ಸುಲಾ ಎಂದು ನಡೆಸುತ್ತಿದೆ. ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೋಗುವ ಮೆಮು ರೈಲು ಚನ್ನಪಟ್ಟಣದಲ್ಲಿ ನಿಲ್ಲುತ್ತದೆ, ದೂರ 60 ಕಿಲೋಮೀಟರಿನ ಆಸುಪಾಸು, ಟಿಕೆಟ್ಟಿಗೆ ದರ್ಶಿನಿಯ ಒಂದೆರಡು ಕಾಫಿಯ ದುಡ್ಡು ಸಾಕು. ಸ್ಟೇಷನ್ನಿನಿಂದ ಆಟೋದವರೊಂದಿಗೆ ಹೋಗಿಬರುವ ದರ ಮಾತಾಡಿಕೊಂಡು, ಹಿಂತಿರುಗಿ ಕರೆದೊಯ್ಯಲು ಅವರ ನಂಬರು ಪಡೆದಿಟ್ಟುಕೊಂಡರೆ ಚಿಂತೆಯಿಲ್ಲ. ಬೆಳಿಗ್ಗೆ ಹೊರಡುವ ಮುನ್ನ ಇಡ್ಲಿಯೋ ಉಪ್ಪಿಟ್ಟೋ ಹೊಟ್ಟೆ ತುಂಬ ತಿಂದಿರಬೇಕು, ಇದು ಆರೋಗ್ಯಕ್ಕೂ ಹೌದು, ವೈನರಿಯ ಮೆನು ನೋಡುವಾಗಿನ ಧೈರ್ಯಕ್ಕೂ ಹೌದು. ವೈನ್ ಮುಗಿದ ಮೇಲೆ ಗೊಂಬೆಯ ಅಂಗಡಿಗಳಿವೆ, ಅರಗಿನ ಬಣ್ಣ ಹತ್ತಿಸುವ ಕುಶಲಕರ್ಮಿಗಳ ಕೆಲಸ ನೋಡುತ್ತ ಕಳೆದ ಒಂದು ಗಂಟೆಗೆ ಯಾರೂ ಶುಲ್ಕ ಕೇಳುವುದಿಲ್ಲ. ರೈಲಿನಲ್ಲಿ ಎದುರುಬದುರು ಕುಳಿತು ಬರುವಾಗ ನಡೆಯುವ ಮಾತು ಕಾರಿನಲ್ಲಿ ಮುಂದಿನ ಸೀಟು ಹಿಂದಿನ ಸೀಟು ಎಂದು ಹಂಚಿಹೋದ ಗುಂಪಿಗೆ ದಕ್ಕುವುದಿಲ್ಲ.

ತೋಟಕ್ಕೆ ಹೋಗಲಾಗದಿದ್ದರೆ

ಕೆಲವು ವರ್ಷ ಆ ಮೊತ್ತ ತೀರ ಕಡಿಮೆ ಬರುತ್ತದೆ. ಶಾಲೆಯ ಶುಲ್ಕ, ಆಸ್ಪತ್ರೆ, ಮನೆಸಾಲ, ಕಾರಣ ಏನೇ ಇರಲಿ, ಕೇಳಬಾರದು. ಅಂಥ ವರ್ಷ ಯಾರದಾದರೂ ಮನೆಯಲ್ಲಿ ಕೂರುತ್ತೇವೆ. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದ ಮೇಲೆ ನಂದಿ ಕಣಿವೆ, ಕೃಷ್ಣಾ ಕಣಿವೆ, ಕಾವೇರಿ ಕಣಿವೆಗಳಲ್ಲಿ ವೈನ್ ಉದ್ಯಮಕ್ಕೆ ಉತ್ತೇಜನ ಸಿಕ್ಕಿತು, ನಮ್ಮ ನೆಲದ ಸಾಕಷ್ಟು ಬಾಟಲಿಗಳು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಅಂಗಡಿಯಲ್ಲಿ ಸಿಗುತ್ತವೆ. ಸಾವಿರದ ಬಾಟಲಿಯನ್ನು 60 ಮಿಲಿಲೀಟರಿನಂತೆ ಧಾರಾಳವಾಗಿ ಸುರಿದರೂ ಹನ್ನೆರಡು ಮಂದಿಗೆ ಆಗುತ್ತದೆ, ತಲೆಗೆ ಎಂಬತ್ತು ಚಿಲ್ಲರೆ ರೂಪಾಯಿ. ಆರು ಮಂದಿ ಸೇರಿ ಮೂರು ಬಾಟಲಿ ತಂದು, ಹಳೆಯ ದಿನಪತ್ರಿಕೆ ಸುತ್ತಿ ಹೆಸರು ಮರೆಮಾಡಿ, ಬಿಳಿಯಿಂದ ಆರಂಭಿಸಿ ಕೆಂಪಿಗೆ ಬಂದು, ಪ್ರತಿಯೊಬ್ಬರೂ ತಮಗೆ ಅನಿಸಿದ್ದನ್ನು ಚೀಟಿಯಲ್ಲಿ ಬರೆದು ಆಮೇಲೆ ಕಾಗದ ಬಿಚ್ಚುತ್ತೇವೆ. ಹುರಿಗಡಲೆ, ನೆಲಗಡಲೆ, ಖಾರವಿಲ್ಲದ ಕೋಡುಬಳೆ ಜೊತೆಗಿದ್ದರೆ ಸಾಕು. ಖಾರ ಹೆಚ್ಚಾದರೆ ಕೆಂಪು ವೈನಿನ ಒಗರು ಬಾಯಿ ಸುಡುತ್ತದೆ. ಬೆಲೆ ಕಾಣದಿರುವಾಗ ನಾಲಿಗೆ ಎಷ್ಟು ಪ್ರಾಮಾಣಿಕವಾಗಿರುತ್ತದೆ ಎಂಬುದನ್ನು ನೋಡಲಿಕ್ಕಾದರೂ ಒಮ್ಮೆ ಇದನ್ನು ಮಾಡಬೇಕು. ಉಳಿದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ಕೆಡದು, ಅದೇ ಸಂಜೆ ಮುಗಿಸಲೇಬೇಕೆಂಬ ಹಟ ಬೇಡ.

ಈ ವರ್ಷದ ಮೊತ್ತ ಮೊನ್ನೆ ಗುಂಪಿಗೆ ಬಂದಿದೆ. ಅದರೊಳಗೆ ಚನ್ನಪಟ್ಟಣದ ರೈಲು, ಆಟೋ, ತೋಟ ಸುತ್ತಿ ರುಚಿ ನೋಡುವ ಶುಲ್ಕ ಕೂರುತ್ತವೆ, ವೈನರಿಯ ಊಟ ಕೂರುವುದಿಲ್ಲ. ಆದ್ದರಿಂದ ಊಟ ಪೇಟೆಯೊಳಗಿನ ಸಾದಾ ಹೋಟೆಲಿನಲ್ಲಿ. ವೈನ್ ಮುಟ್ಟದ ಗೆಳತಿ ತೋಟದ ಶುಲ್ಕವನ್ನಷ್ಟೇ ಕೊಡುತ್ತಾಳೆ, ಬಾಟಲಿ ಬೇಕಾದವರು ತಮ್ಮ ತಮ್ಮ ಲೆಕ್ಕದಲ್ಲಿ ಕೊಳ್ಳುತ್ತಾರೆ. ದರ ಕಡಿಮೆಯೆಂದು ಬುಧವಾರ ಹೋಗುವುದೋ, ಮೇಷ್ಟರ ಕೆಲಸದ ಗೆಳೆಯನಿಗೆ ರಜೆ ಸಿಗುವ ಎರಡನೆಯ ಶನಿವಾರದವರೆಗೆ ಕಾಯುವುದೋ ಎಂಬುದೊಂದು ಬಾಕಿಯಿದೆ. ಶನಿವಾರದ ಹೆಚ್ಚುವರಿ ದರವೂ ಮೊತ್ತದೊಳಗೆ ಬರುವುದಾದರೆ ಅವನಿಗಾಗಿ ಕಾಯೋಣ ಎಂದು ನಾನು ಬರೆದಿದ್ದೇನೆ. ನಾಳೆ ವೈನರಿಗೆ ಫೋನ್ ಮಾಡಿ ಕೇಳಬೇಕು.